ಓದುಗರ ಪ್ರಶ್ನೆ: ಮಾತು ಬಿಟ್ಟ ಅಕ್ಕ-ತಂಗಿ

ಕಳೆದ ಮೂರು ಸಂಚಿಕೆಯಲ್ಲಿ ಬಂದ ನನ್ನ ಅಕ್ಕ-ತಂಗಿ ಕತೆ ಓದಿ ಮುಂಬೈ, ಪುಣೆ, ಗೋವಾ ಕಡೆಯಿಂದ ತುಂಬಾ ಜನ ಬರೆದಿದೀರಿ, ಸಂಪಾದಕರು ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದಾರೆ. ಓದದೇ ಇರೋರಿಗೆ ಕತೆ ಇಷ್ಟು. ಅಕ್ಕ ಶಾರದಾ, ತಂಗಿ ಸುಮಾ, ಇಬ್ಬರೂ ಮುಂಬೈಯ ದಾದರ್ ಪಕ್ಕದ ನಾಯಗಾಂವ್ ಚಾಳಿನಲ್ಲಿ (ಒಂದೊಂದು ರೂಮಿನ ಸಾಲುಮನೆಗಳ ಹಳೇ ಕಟ್ಟಡ) ಬೆಳೆದವರು, ಅಪ್ಪ ಕುಂದಾಪುರದ ಕಡೆಯಿಂದ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರ್ತಿದ್ದವರು. ಅಕ್ಕ ಮದುವೆಯಾಗಿ ಡೊಂಬಿವಲಿಗೆ ಹೋದಳು, ತಂಗಿ ಗಂಡನ ಜೊತೆ ಅಮ್ಮನ ಹತ್ರಾನೇ ಉಳಿದಳು. ಅಮ್ಮ ಹೋದ ಮೇಲೆ ರೂಮು ತಂಗಿ ಹೆಸರಿಗೆ ಆಯ್ತು, ಬಿಲ್ಡರ್ ಬಂದ, ಚಾಳು ಕೆಡವಿದ, ಟವರ್ ಏಳೋ ತನಕ ಅಂತ ತಂಗಿ ಕಾಂದಿವಲಿಯಲ್ಲಿ ಬಾಡಿಗೆ ಮನೆ ಹಿಡಿದಳು. ಇದೆಲ್ಲ ಅಕ್ಕನಿಗೆ ಗೊತ್ತಾಗಿದ್ದು ಯಾರದೋ ಮದುವೆ ಊಟದ ಪಂಕ್ತಿಯಲ್ಲಿ, ಮೂರನೆಯವರ ಬಾಯಿಂದ. ಅಲ್ಲಿಂದ ಏಳು ವರ್ಷ ಮಾತಿಲ್ಲ. ಆಮೇಲೆ 2023ರಲ್ಲಿ ಅಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರಲ್ಲಿ ತೆಗೆಸಿಟ್ಟಿದ್ದ ಲಾಕರಿನ ಹೊಸ ಅಗ್ರಿಮೆಂಟಿಗೆ ಇಬ್ಬರೂ ಬಂದು ಸಹಿ ಹಾಕಿ ಅಂತ ಮಾಟುಂಗಾದ ಬ್ಯಾಂಕಿಂದ ಫೋನ್ ಬರುತ್ತೆ, ಕತೆ ಶುರುವಾಗೋದು ಅಲ್ಲಿ.

ಏಳು ವರ್ಷದ ಮುನಿಸು ಒಂದು ಸಹಿಗೆ ಕರಗುತ್ತಾ ಮೇಡಂ? ಕತೆಗೆ ಬೇಕು ಅಂತ ಮಾಡ್ಕೊಂಡ ಹಾಗಿದೆ. — ಓದುಗಿ, ಡೊಂಬಿವಲಿ

ಸಹಿಗೆ ಕರಗಲಿಲ್ಲ. ಸಹಿ ಅವರನ್ನ ಒಂದೇ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂರಿಸ್ತು, ಮಿಕ್ಕಿದ್ದು ಆ ಬೆಂಚಿನ ಮೇಲೆ ಆಗಿದ್ದು.

ನೀವು ಡೊಂಬಿವಲಿಯವರು, ನಿಮಗೆ ಹೇಳಬೇಕಾಗಿಲ್ಲ, ಈ ಊರಲ್ಲಿ ಒಬ್ಬರ ಮುಖ ನೋಡ್ಬಾರ್ದು ಅಂತ ಗಟ್ಟಿಮನಸ್ಸು ಮಾಡಿದ್ರೆ ಇಪ್ಪತ್ತು ವರ್ಷ ಆರಾಮಾಗಿ ತಪ್ಪಿಸ್ಕೊಂಡು ಓಡಾಡಬಹುದು. ಒಬ್ಬಳು ಸೆಂಟ್ರಲ್ ಲೈನು, ಇನ್ನೊಬ್ಬಳು ವೆಸ್ಟರ್ನ್ ಲೈನು. ಒಂದೇ ಬ್ಯಾಂಕಿಗೆ ಬರೋದಕ್ಕೂ ಅಕ್ಕ ಇಳಿಯೋದು ಮಾಟುಂಗಾದಲ್ಲಿ, ತಂಗಿ ಇಳಿಯೋದು ಮಾಟುಂಗಾ ರೋಡಿನಲ್ಲಿ, ಸ್ಟೇಷನ್ನೇ ಬೇರೆ ಬೇರೆ. ಊರಲ್ಲಾದ್ರೆ ಜಾತ್ರೆ, ತೇರು, ಗುಡಿ ಬಾವಿ ಅಂತ ಎಲ್ಲಾದ್ರೂ ಎದುರಾಗೇ ಆಗ್ತಾರೆ. ಇಲ್ಲಿ ಎದುರಾಗೋದಕ್ಕೆ ಒಂದು ಕೆಲಸ ಬೇಕು, ತಪ್ಪಿಸ್ಕೊಳ್ಳೋಕಾಗದ ಕೆಲಸ. ಲಾಕರ್ ನನಗೆ ಅದಕ್ಕೇ ಬೇಕಾಗಿತ್ತು. ಅದು ನಾನು ಹುಟ್ಟಿಸಿದ ನೆಪವೂ ಅಲ್ಲ, ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಲಾಕರ್ ನಿಯಮ ಬದಲಾಯಿಸಿ ಹಳೇ ಗಿರಾಕಿಗಳೆಲ್ಲ 2023ರ ಜನವರಿ 1ರೊಳಗೆ ಹೊಸ ಅಗ್ರಿಮೆಂಟ್ ಮಾಡ್ಕೋಬೇಕು ಅಂದಿತ್ತು, ತುಂಬಾ ಜನ ಬರಲೇ ಇಲ್ಲ ಅಂತ ಡಿಸೆಂಬರ್ 31ರ ತನಕ ಮುಂದೂಡಿದ್ರು. ಆ ವರ್ಷ ಎಷ್ಟು ಮನೆಗಳಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಅಕ್ಕತಂಗಿಯರು ಸ್ಟಾಂಪ್ ಪೇಪರ್ ಹಿಡ್ಕೊಂಡು ಬ್ಯಾಂಕಿನ ಬಾಗಿಲಲ್ಲಿ ಎದುರುಬದುರಾದ್ರೋ ಏನೋ, ನನಗೆ ಕತೆ ಹೊಳೆದಿದ್ದೇ ಅದನ್ನ ಯೋಚಿಸ್ತಾ.

ಮತ್ತೆ ಅವರ ಮೊದಲ ಮಾತು ಏನು ನೋಡಿ. "ಹೇಗಿದೀಯಾ" ಅಲ್ಲ. "ಪ್ಯಾನ್ ಕಾರ್ಡಿನ ಜೆರಾಕ್ಸ್ ತಂದಿದೀಯಾ?" ತಂಗಿ ತಂದಿರಲ್ಲ. ಅಕ್ಕ ಎದ್ದು "ಕೊಡು ಇಲ್ಲಿ" ಅಂತ ಕಾರ್ಡ್ ಇಸ್ಕೊಂಡು ಎದುರಿನ ಅಂಗಡಿಗೆ ಹೋಗಿ ಮಾಡಿಸ್ಕೊಂಡು ಬರ್ತಾಳೆ, ಎರಡು ಕಾಪಿ. ತುಂಬಾ ಜನ ಆಸ್ಪತ್ರೆ ಸೀನ್ ಇಟ್ಟಿದ್ರೆ ಕಣ್ಣೀರು ಬರ್ತಿತ್ತು ಅಂತ ಬರೆದಿದೀರಿ. ನಾನು ಬೇಕಂತಲೇ ಇಡಲಿಲ್ಲ. ಐಸಿಯು ಮುಂದೆ ಭಯಕ್ಕೆ ಯಾರಾದ್ರೂ ಕೈ ಹಿಡೀತಾರೆ, ಡಿಸ್ಚಾರ್ಜ್ ಆಗಿ ತಿಂಗಳಾದ ಮೇಲೆ ಮತ್ತೆ ಅದೇ ಮುಖ ಅದೇ ಮೌನ, ಇದನ್ನ ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ನೋಡಿದೀವಿ. ಜೆರಾಕ್ಸ್ ಮಾಡಿಸಿ ಕೊಟ್ಟಿದ್ದು ಭಯಕ್ಕಲ್ಲ, ಅದು ಚಿಕ್ಕಂದಿಂದ ಅಕ್ಕನಿಗೆ ಇದ್ದ ಅಭ್ಯಾಸ, ಸಿಟ್ಟು ಬಂದ್ರೂ ಹೋಗಿರಲಿಲ್ಲ.

ಲಾಕರನ್ನ ಇಬ್ಬರೂ ಸೇರಿ ತೆಗೆಯೋ ಹಾಗೆ ಅಮ್ಮ ಬೇಕಂತಲೇ ಮಾಡಿಟ್ಟಿದ್ರಾ? ಮುಂದೆ ಹೀಗಾಗುತ್ತೆ ಅಂತ ಗೊತ್ತಿತ್ತಾ? — ಕಲ್ಯಾಣ್

ಇಲ್ಲ. ಫಾರ್ಮಿನಲ್ಲಿ ಒಬ್ಬರಾದ್ರೂ ಸಾಕಾ ಇಬ್ಬರೂ ಬೇಕಾ ಅಂತ ಕ್ಲರ್ಕ್ ಕೇಳಿದಾಗ ಆಯಮ್ಮ "ಇಬ್ಬರೂ" ಅಂದಿದಾರೆ, ಅಷ್ಟೇ. ಎಲ್ಲ ಮೊದಲೇ ತಿಳಿದಿದ್ದ ಜಾಣ ತಾಯಿ ನನಗೆ ಬೇಡವಾಗಿತ್ತು. ಹೆಣ್ಣುಮಕ್ಕಳು ಸೇರಿದ್ರೆ ಅದರ ಕ್ರೆಡಿಟ್ಟು ತೀರಿಹೋದವರಿಗೆ ಕೊಟ್ಟುಬಿಡೋದು ನಮ್ಮ ಕತೆಗಳಲ್ಲಿ ಜಾಸ್ತಿಯಾಗಿದೆ. ಬೆಂಚಿನ ಮೇಲಿಂದ ಎದ್ದು ಹೋಗದೇ ಕೂತವರು ಶಾರದಾ, ಸುಮಾ.

(ಲಾಕರಲ್ಲಿ ಏನಿತ್ತು ಅಂತ ಎಷ್ಟೊಂದು ಜನ ಕೇಳಿದೀರಿ. ಎರಡು ಜೊತೆ ಬಳೆ, ಒಂದು ಅವಲಕ್ಕಿ ಸರ, ಅಪ್ಪನ ಪಿಎಫ್ ಕಾಗದ. ಬಳೆ ಜೊತೆ ಜೊತೆಯಾಗೇ ಇದ್ವು, ಸರ ಮಾತ್ರ ಒಂದೇ, ಅದರ ಪಂಚಾಯ್ತಿ ಇನ್ನೂ ಮುಗಿದಿಲ್ಲ.)

ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲೇ ಕಾನೂನು ಬಂದಿದೆಯಲ್ಲ, ಹಾಗಿದ್ದೂ ರೂಮು ಪೂರ್ತಿ ತಂಗಿಗೆ ಹೋಗಿದ್ದು ಹೇಗೆ? ಅಕ್ಕ ಕೇಸ್ ಹಾಕಿದ್ರೆ ಅರ್ಧ ಸಿಗ್ತಿರಲಿಲ್ವಾ? — ಓದುಗರು, ಠಾಣೆ

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಮುಂಬೈಯ ನಮ್ಮವರ ಮನೆಗಳಲ್ಲಿ ಅರ್ಧ ಜಗಳ ಇದನ್ನ ತಿಳ್ಕೊಳ್ಳದೇ ಆಗೋದು. ನೀವು ಹೇಳೋ 2005ರ ತಿದ್ದುಪಡಿ ಹಿಂದೂ ಉತ್ತರಾಧಿಕಾರ ಕಾಯ್ದೆಯದ್ದು, ಆ ಸಮಪಾಲು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ. ಚಾಳಿನ ಪಗಡಿ ರೂಮು ಆ ಥರದ್ದಲ್ಲ. ಪಗಡಿ ಅಂದ್ರೆ ಮಾಲೀಕನಿಗೆ ಶುರುವಿನಲ್ಲಿ ಒಂದು ದೊಡ್ಡ ಮೊತ್ತ ಕೊಟ್ಟು, ಆಮೇಲೆ ತಿಂಗಳಿಗೆ ಚಿಲ್ಲರೆ ಬಾಡಿಗೆ ಕಟ್ತಾ ತಲೆಮಾರುಗಟ್ಟಲೆ ಇರೋದು. ನಾವು "ನಮ್ಮ ರೂಮು" ಅಂತೀವಿ, ಆದ್ರೆ ಕಾಗದದಲ್ಲಿ ನಾವು ಬಾಡಿಗೆದಾರರೇ. ಬಾಡಿಗೆದಾರ ತೀರಿಹೋದ್ರೆ ಹಕ್ಕು ಯಾರಿಗೆ ಅನ್ನೋದನ್ನ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಹೇಳುತ್ತೆ: ತೀರಿಹೋಗೋ ಹೊತ್ತಿಗೆ ಜೊತೆಗೆ ವಾಸ ಇದ್ದ ಕುಟುಂಬದವರಿಗೆ ಮೊದಲು. ಅಂಥವರು ಯಾರೂ ಇಲ್ಲದಿದ್ರೆ ಮಾತ್ರ ಮಿಕ್ಕ ವಾರಸುದಾರರು, ಅವರಲ್ಲಿ ಒಪ್ಪಂದ ಆಗದಿದ್ರೆ ಯಾರು ಅಂತ ಕೋರ್ಟ್ ಹೇಳುತ್ತೆ. ಸುಮಾ ಅಮ್ಮನ ಜೊತೆ ಇದ್ದವಳು, ರೇಷನ್ ಕಾರ್ಡಿನಲ್ಲಿ ಹೆಸರಿತ್ತು, ಬಾಡಿಗೆ ರಸೀದಿ ಅವಳ ಹೆಸರಿಗೆ ಆಯ್ತು. ಕಾನೂನು ಪ್ರಕಾರ ಅವಳು ಕದ್ದಿಲ್ಲ.

ಆದ್ರೆ ಅಕ್ಕನ ಸಂಕಟ ಕಾನೂನಿನದ್ದಲ್ಲ ಅಲ್ವಾ. ನೂರಾ ಅರವತ್ತು ಚದರ ಅಡಿ ರೂಮಿದ್ದಾಗ ಯಾರೂ ಅದನ್ನ ಆಸ್ತಿ ಅಂತಿರಲಿಲ್ಲ, ಸಂಡಾಸು ಕಾಮನ್ನು, ನೀರು ಬೆಳಿಗ್ಗೆ ಒಂದು ಹೊತ್ತು. ಹಳೇ ಸೆಸ್ ಬಿಲ್ಡಿಂಗು (ರಿಪೇರಿಗೆ ಅಂತ ತೆರಿಗೆ ಕಟ್ಟೋ ಕಟ್ಟಡ) ರೀಡೆವಲಪ್‌ಮೆಂಟಿಗೆ ಹೋದ್ರೆ ಬಾಡಿಗೆದಾರನಿಗೆ ಕಡಿಮೆ ಅಂದ್ರೂ 300 ಚದರ ಅಡಿ ಕಾರ್ಪೆಟ್‌ನ ಮನೆ ಕೊಡಬೇಕು, ಅದೂ ಓನರ್‌ಶಿಪ್ ಮೇಲೆ. ನಾಯಗಾಂವಿನಲ್ಲಿ ಅಷ್ಟು ಜಾಗ ಅಂದ್ರೆ ಎಷ್ಟು ದುಡ್ಡು ಅಂತ ನಿಮಗೆ ಗೊತ್ತು. ಒಂದೇ ಸಹಿಯಲ್ಲಿ ತಂಗಿ ಕೋಟಿ ರೂಪಾಯಿ ಮನೆಯವಳಾದಳು, ಅಕ್ಕ ಡೊಂಬಿವಲಿಯ ಲೋನ್ ಕಟ್ತಾನೇ ಉಳಿದಳು. ಇದರ ಜೊತೆ ಇನ್ನೊಂದಿದೆ, ಕೊನೇ ಆರು ವರ್ಷ ಅಮ್ಮನ ಹೇಲುಉಚ್ಚೆ ತೆಗೆದವಳು ತಂಗಿ. ಇಬ್ಬರ ಕೈಯಲ್ಲೂ ಒಂದೊಂದು ನಿಜ ಇದೆ. ಶಾರದಾ ಕತೆಯಲ್ಲಿ ಕೇಳೋದು ಅರ್ಧ ಮನೆಯನ್ನಲ್ಲ, "ನನಗೆ ಹೇಳೋಕೇನಾಗಿತ್ತು ನಿಂಗೆ" ಅಂತ. ಆ ಒಂದು ಫೋನ್ ಮಾಡದೇ ಇದ್ದಿದ್ದು ತಂಗಿಯ ತಪ್ಪು, ಅದನ್ನ ಯಾವ ಕಾಯ್ದೆಯೂ ಮನ್ನಾ ಮಾಡಲ್ಲ. ಈಗಲೂ ಚಾಳಿನ ರೂಮಿನಲ್ಲಿ ಅಪ್ಪಅಮ್ಮ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ರಸೀದಿ ಯಾರ ಹೆಸರಿಗೆ ಆಗುತ್ತೆ, ಉಳಿದವರಿಗೆ ಏನು ಕೊಡೋದು, ಅವರು ಬದುಕಿರೋವಾಗಲೇ ಎಲ್ಲರೂ ಕೂತು ಮಾತಾಡಿ ಬರೆದಿಡಿ, ವಕೀಲರ ಹತ್ರ ಹೋಗಿ ಬರೆಸಿ. ಕೆಟ್ಟ ಅನ್ಸುತ್ತೆ, ಆದ್ರೂ ಮಾಡಿ.

ಕೊನೆ ತನಕ ತಂಗಿ ಒಂದು ಸಲಾನೂ ಸಾರಿ ಕೇಳಲ್ಲ. ನನಗೆ ಅದೇ ಚುಚ್ತಾ ಇದೆ. ಕೇಳಬೇಕಿತ್ತು. — ಓದುಗಿ, ಪುಣೆ

ನಿಮ್ಮ ಥರಾನೇ ಬರೆದವರು ಬಹಳ ಜನ, ಹೆಚ್ಚಿನವರು ಅಕ್ಕಂದಿರು ಅನ್ಸುತ್ತೆ! ನಾನು ಈ ಕತೆ ಬರೆದಿದ್ದೇ ಇದಕ್ಕೆ. ಮೊದಲು ಅವಳು ತಪ್ಪು ಒಪ್ಕೊಳ್ಳಲಿ ಆಮೇಲೆ ಮಾತು ಅಂತ ಕೂತವರು ಕೂತೇ ಇರ್ತಾರೆ, ಯಾಕಂದ್ರೆ ಆ ಕಡೆ ಕೂತವಳದ್ದೂ ಅದೇ ಮಾತು. ಲೆಕ್ಕ ಬೇರೆ, ಮಾತು ಬೇರೆ. ಲೆಕ್ಕ ಚುಕ್ತಾ ಆಗೋ ತನಕ ಮಾತು ಬೇಡ ಅನ್ನೋ ಶರತ್ತು ಹಾಕಿಕೊಂಡ್ರೆ ಎರಡೂ ಆಗಲ್ಲ. ಶಾರದಾ ಬೇಜಾರು ಬಿಟ್ಟಿಲ್ಲ, ಹೋಟೆಲಲ್ಲಿ ನೀರ್‌ದೋಸೆ ತಿಂತಾ ತಂಗಿ ಮುಖಕ್ಕೇ ಹೇಳ್ತಾಳೆ, "ಮನೆ ವಿಷಯ ನಾನು ಮರೆತಿಲ್ಲ, ಮರೆಯೋದೂ ಇಲ್ಲ, ಚಟ್ನಿ ಈ ಕಡೆ ತಳ್ಳು." ಒಂದೇ ಉಸಿರಲ್ಲಿ ಎರಡೂ. ಸುಮಾ ಸಾರಿ ಅನ್ನಲ್ಲ ನಿಜ, ಆದ್ರೆ ಟವರಿನ ಪೊಸೆಶನ್ ಕಾಗದ ಬಂದ ದಿನ ಗಂಡನಿಗಿಂತ ಮೊದಲು ಅಕ್ಕನಿಗೆ ಫೋನ್ ಮಾಡ್ತಾಳೆ. ಹಿಂದೆ ಮಾಡದೇ ಬಿಟ್ಟ ಫೋನು ಅದು. ಅದನ್ನ ಕ್ಷಮೆ ಅಂತ ತಗೋತೀರೋ ಇಲ್ವೋ ನಿಮಗೆ ಬಿಟ್ಟಿದ್ದು, ಶಾರದಾ ತಗೊಂಡಳು.

ನನ್ನ ಅಕ್ಕ ನನ್ನ ಮದುವೆ ಮುರಿಯೋಕೆ ಏನೆಲ್ಲ ಮಾಡಿದಾಳೆ ಅಂತ ಬರೆಯೋಕೆ ಹೋದ್ರೆ ಪುಟ ಸಾಲಲ್ಲ. ಎಲ್ಲರೂ ರಕ್ತಸಂಬಂಧ ಕಡ್ಕೋಬೇಡ ಅಂತಾರೆ. ನಿಮ್ಮ ಕತೆ ಓದಿ ನಮ್ಮಮ್ಮ "ನೋಡು, ಕಲಿ" ಅಂತ ಪೇಪರ್ ತಂದು ಮುಂದಿಟ್ರು. ನಾನು ಮಾತಾಡಲೇಬೇಕಾ? — ಮೀರಾ ರೋಡ್

ಬೇಡಮ್ಮಾ. ನನ್ನ ಕತೆ ನಿಮ್ಮನ್ನ ಹೊಡೆಯೋ ಕೋಲಾಗೋದು ನನಗೆ ಖಂಡಿತ ಇಷ್ಟ ಇಲ್ಲ. ಶಾರದಾ-ಸುಮಾ ನಡುವೆ ಇದ್ದಿದ್ದು ಒಂದು ಮನೆ, ಒಂದು ಹೇಳದೇ ಬಿಟ್ಟ ಮಾತು. ಒಬ್ಬಳು ಇನ್ನೊಬ್ಬಳ ಬಾಳು ಹಾಳಾಗಲಿ ಅಂತ ಬಯಸಿರಲಿಲ್ಲ. ನಿಮ್ಮಕ್ಕ ಹಾಗೆ ಬಯಸಿದ್ದು ನಿಜವಾದ್ರೆ, ಅದು ನಿಮಗೆ ಖಾತ್ರಿ ಇದ್ರೆ, ದೂರ ಇರಿ, ನೆಮ್ಮದಿಯಾಗಿರಿ. ನಿಮ್ಮಮ್ಮನಿಗೆ ಈ ಉತ್ತರ ತೋರಿಸಿ. ಅಮ್ಮನಿಗೆ ಇಬ್ಬರೂ ಮಕ್ಕಳೇ, ಅವರ ಸಂಕಟ ಅರ್ಥ ಆಗುತ್ತೆ, ಆದ್ರೆ ನಿಮ್ಮ ನಡುವೆ ಮಾತು ತರೋ ಕೆಲಸ ಅವರದ್ದಲ್ಲ.

ಮಕ್ಕಳು ಮರಾಠಿ, ಹಿಂದಿ ಬೆರೆಸಿ ಮಾತಾಡೋದು ಕನ್ನಡ ಪತ್ರಿಕೆಯಲ್ಲಿ ಬೇಕಿತ್ತೇ? — ಹಿರಿಯ ಓದುಗರು, ಮಾಟುಂಗಾ

ಬೇಕಿತ್ತು ಸಾರ್. ಶಾರದಾ, ಸುಮಾ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವರು, ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ಮಕ್ಕಳು ಇಂಗ್ಲಿಷ್ ಮೀಡಿಯಮ್ಮು, ಏಳು ವರ್ಷ ಒಬ್ಬರನ್ನೊಬ್ಬರು ನೋಡದ ಮಕ್ಕಳು, ಒಂದು ಮಗು ಮರಾಠಿಯಲ್ಲಿ "ಮಾವ್ಶಿ" (ಅಮ್ಮನ ಅಕ್ಕ ಅಥವಾ ತಂಗಿ) ಅನ್ನುತ್ತೆ, ಇನ್ನೊಂದು "ದೊಡ್ಡಮ್ಮ" ಅನ್ನೋದನ್ನೇ ಮರೆತಿದೆ. ಅಕ್ಕತಂಗಿಯರು ಮಾತು ಬಿಟ್ರೆ ಮನೆಯಲ್ಲಿ ಕನ್ನಡ ಆಡೋರು ಒಬ್ಬರು ಕಡಿಮೆ ಆದ ಹಾಗೆ, ಮುಂಬೈಯಲ್ಲಿ ಅದೂ ಒಂದು ನಷ್ಟ. ಅದನ್ನ ಶುದ್ಧ ಕನ್ನಡದಲ್ಲಿ ಬರೆದಿದ್ರೆ ನಷ್ಟವೇ ಕಾಣ್ತಿರಲಿಲ್ಲ.

ಗೌರಿ ಹಬ್ಬ ಚೌತಿಯ ಹಿಂದಿನ ದಿನ ಅಲ್ವಾ? ಕತೆಯಲ್ಲಿ ಗಣಪತಿ ಕೂತು ಮೂರ್ನಾಲ್ಕು ದಿನ ಆದ ಮೇಲೆ ಗೌರಿ ಬರ್ತಾಳೆ. — ಬೆಂಗಳೂರಿಂದ ಹೊಸದಾಗಿ ಪುಣೆಗೆ ಬಂದ ಓದುಗಿ

ನಿಮ್ಮ ಕಡೆ ಭಾದ್ರಪದ ತದಿಗೆಯ ಸ್ವರ್ಣಗೌರಿ. ಇಲ್ಲಿ ಮಹಾರಾಷ್ಟ್ರದಲ್ಲಿ, ಬೆಳಗಾವಿ ಕಡೆಯ ಮನೆಗಳಲ್ಲೂ, ಗೌರಿ ನಕ್ಷತ್ರ ನೋಡ್ಕೊಂಡು ಬರ್ತಾಳೆ: ಅನುರಾಧಾ ದಿನ ಬರಮಾಡಿಕೊಳ್ಳೋದು, ಜ್ಯೇಷ್ಠಾ ದಿನ ಪೂಜೆ, ಪೂರಣಪೋಳಿ ನೈವೇದ್ಯ, ಮೂಲಾ ದಿನ ಕಳಿಸೋದು. ಮುಖ್ಯವಾದ್ದು ಏನಂದ್ರೆ ಬಹಳ ಮನೆಗಳಲ್ಲಿ ಬರೋದು ಒಬ್ಬಳಲ್ಲ, ಇಬ್ಬರು, ಜ್ಯೇಷ್ಠಾ ಮತ್ತು ಕನಿಷ್ಠಾ, ಅಕ್ಕತಂಗಿ ಅಂತಾನೇ ನಂಬಿಕೆ. ಇಬ್ಬರಿಗೂ ಸೀರೆ ಉಡಿಸಿ, ಸರ ಹಾಕಿ ಪಕ್ಕಪಕ್ಕ ನಿಲ್ಲಿಸ್ತಾರೆ. ಶಾರದಾಳನ್ನ ಕೊಟ್ಟ ಮನೆ ಬೆಳಗಾವಿಯವರದ್ದು, ಸೀರೆ ಉಡಿಸೋಕೆ ಒಬ್ಬಳಿಗೇ ಆಗಲ್ಲ ಬಾ ಅಂತ ತಂಗಿನ ಕರೀತಾಳೆ. ಕೆಲಸಕ್ಕೇ ಕರೆದಿದ್ದು ಮತ್ತೆ, ಗಮನಿಸಿ. ಕೋಥ್ರೂಡ್, ಸದಾಶಿವ ಪೇಠೆ ಕಡೆ ಪರಿಚಯದವರಿದ್ರೆ ಅರಿಶಿನ ಕುಂಕುಮಕ್ಕೆ ಹೋಗಿ ನೋಡಿ, ಖುಷಿಪಡ್ತೀರಿ.

ಅಕ್ಕಾ, ನಾ ಹಾವೇರಿ ಕಡೆಯಾಕಿ, ಈಗ ವಾಸ್ಕೋದಾಗ ಅದೀನಿ. ಅಪ್ಪನ ಹೊಲಾ ಅಣ್ಣಂದಿರು ತಮ್ಮ ಹೆಸರಿಗೆ ಮಾಡ್ಕೊಳ್ಳಾಕ ನಮ್ಮಿಬ್ಬರ ಸಹಿ ಕೇಳಿದ್ರು. ಅಕ್ಕ ಹಾಕಿದ್ಲು, ನಾ ಹಾಕಲಿಲ್ಲ, ಕೇಸ್ ಹಾಕೇನಿ. "ನಿನ್ನಿಂದ ನನ್ನ ತವರಮನಿ ಬಾಗಲಾ ಮುಚ್ಚಿತು" ಅಂತ ಅಕ್ಕ ಮಾತು ಬಿಟ್ಟಾಳ. ಕೇಸ್ ವಾಪಸ್ ತಗೊಂಡ್ರ ಮಾತಾಡ್ತಾಳೇನು? ಅಕಿ ಹುಬ್ಬಳ್ಳಿಯಾಗ ಇರ್ತಾಳ. — ವಾಸ್ಕೋ, ಗೋವಾ

ನಿಮ್ಮ ಪತ್ರ ಎಲ್ಲಕ್ಕಿಂತ ಕೊನೆಗೆ ಇಟ್ಕೊಂಡಿದ್ದು ನಿಧಾನವಾಗಿ ಬರೀಬೇಕು ಅಂತ.

ಮೊದಲು ಕೇಸು. ಅಕ್ಕ ಮಾತಾಡಲಿ ಅಂತ ವಾಪಸ್ ತಗೋಬೇಡ್ರಿ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು 1994ರಲ್ಲೇ ಬಂತು, ಆದ್ರೆ ಆಗ ಅಷ್ಟೊತ್ತಿಗೆ ಮದುವೆಯಾದವರನ್ನ ಬಿಟ್ಟಿದ್ರು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಮದುವೆಯ ಶರತ್ತು ಹೋಯ್ತು. ಅಪ್ಪ ಆವಾಗ ಬದುಕಿರಬೇಕಾ ಬೇಡವಾ ಅನ್ನೋ ಗೊಂದಲವನ್ನ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಬಗೆಹರಿಸ್ತು, ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಅಂತ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಸರಿಯಾಗಿ ಪಾಲಾಗಿ ಹೋಗಿದ್ರೆ ಮಾತ್ರ ಬೇರೆ ಮಾತು, ಅದನ್ನ ನಿಮ್ಮ ವಕೀಲರು ಕಾಗದ ನೋಡಿ ಹೇಳ್ತಾರೆ. ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಕಾನೂನೇ ಬೇರೆ, ಅಕ್ಕಪಕ್ಕದ ಗೋವಾದವರು ಹೇಳೋ ಲೆಕ್ಕ ನಿಮ್ಮ ಹಾವೇರಿ ಹೊಲಕ್ಕೆ ಹತ್ತಲ್ಲ, ಅವರ ಮಾತು ಕೇಳಿ ಗಾಬರಿಯಾಗಬೇಡ್ರಿ.

ಈಗ ಅಕ್ಕ. ಆಕೆಗೆ ಸಿಟ್ಟು ಬಂದಿರೋದು ನೀವು ಹೊಲ ಕೇಳಿದ್ದಕ್ಕಲ್ಲ. ಸಹಿ ಹಾಕಿದ್ರೆ ತವರು ಉಳಿಯುತ್ತೆ ಅಂತ ಹಾಕಿದಾಳೆ. ಎಷ್ಟೋ ಹೆಣ್ಣುಮಕ್ಕಳು ಹಾಗೇ ಹಾಕ್ತಾರೆ, ಎಕರೆ ಬಿಟ್ಟುಕೊಟ್ಟು ವರ್ಷಕ್ಕೊಂದು ಸೀರೆ, ಒಂದು ಹಬ್ಬದ ಕರೆ ಉಳಿಸ್ಕೊಳ್ತಾರೆ. ಅದನ್ನ ದಡ್ಡತನ ಅನ್ನಬೇಡ್ರಿ, ಆಕೆಗೆ ಅದು ಅಷ್ಟು ಬೆಲೆಯದ್ದು. ಈಗ ಅಣ್ಣಂದಿರು ನಿಮ್ಮ ಮೇಲಿನ ಸಿಟ್ಟಿಗೆ ಆಕೆಯನ್ನೂ ಕರೀತಿಲ್ಲ ಅಂತ ನಿಮ್ಮ ಪತ್ರದ ಇನ್ನೊಂದು ಕಡೆ ಇದೆ. ಅಂದ್ರೆ ಆಕೆ ಹೊಲಾನೂ ಕೊಟ್ಟಳು, ತವರೂ ಹೋಯ್ತು. ಬಾಗಿಲು ಮುಚ್ಚಿದವರು ಅಣ್ಣಂದಿರು, ಆದ್ರೆ ಅವರನ್ನ ಬೈಯೋ ಧೈರ್ಯ ಆಕೆಗಿಲ್ಲ, ನಿಮ್ಮನ್ನ ಬೈಯೋದು ಸುಲಭ, ನೀವು ತಂಗಿ.

ಫೋನ್ ಮಾಡ್ರಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬೇಡ, ಯಾರದೋ ಮದುವೆಯಲ್ಲಿ ಹಿಡಿದು ಮಾತಾಡಿಸೋದೂ ಬೇಡ, ಅಳಿಯಂದಿರ ಮೂಲಕ ಹೇಳಿಕಳಿಸೋದಂತೂ ಬೇಡವೇ ಬೇಡ. ಕೋರ್ಟಿನ ತಾರೀಖು ಇರೋ ವಾರ ಬಿಟ್ಟು, ಮಧ್ಯಾಹ್ನ ಊಟ ಆಗಿ ಮನೆಯಲ್ಲಿ ಆಕೆ ಒಬ್ಬಳೇ ಇರೋ ಹೊತ್ತು ನಿಮಗೇ ಗೊತ್ತಿರುತ್ತೆ. ಕೇಸಿನ ಮಾತು ಎತ್ತಬೇಡ್ರಿ, ಆಕೆ ಎತ್ತಿದ್ರೆ "ಅದು ಅಲ್ಲಿ ನಡೀತೈತಿ, ಇದು ಬ್ಯಾರೆ" ಅಂತ ಅಷ್ಟೇ ಅನ್ರಿ. ಆಮೇಲೆ ಪಂಚಮಿಗೆ ಕರೀರಿ. ಹೌದು, ನೀವು ಕರೀರಿ, ನಿಮ್ಮ ವಾಸ್ಕೋ ಮನೆಗೆ. ನಾಗರಪಂಚಮಿಗೆ ಅಣ್ಣ ಬಂದು ಕರೀಲಿಲ್ಲ ಅನ್ನೋದೇ ನಿಮ್ಮ ಕಡೆಯ ಹೆಣ್ಣುಮಕ್ಕಳಿಗೆ ದೊಡ್ಡ ನೋವು ಅಂತ ನನಗೆ ಗೊತ್ತು, ಆ ದಿನ ಆಕೆ ಹುಬ್ಬಳ್ಳಿಯಲ್ಲಿ ಬಾಗಿಲು ನೋಡ್ತಾ ಕೂರೋದು ಬೇಡ. ತಂಗಿ ಕರೆದ್ರೂ ತವರೇ. ನಿಮಗೆ ಅಳ್ಳಿಟ್ಟು ಹದ ಬರಲ್ಲ ಅಂತ ಬರೆದಿದೀರಲ್ಲ, ಅವ್ವನ ಕೈಯ ಹದ ಅಕ್ಕನಿಗೆ ಬಂದಿದೆ ಅಂತಾನೂ ಬರೆದಿದೀರಿ. ಶೇಂಗಾ ಉಂಡಿ, ಎಳ್ಳುಂಡಿ ನೀವು ಕಟ್ಟಿಡ್ರಿ, ಅಳ್ಳಿಟ್ಟು ಆಕೆ ಬಂದು ಮಾಡಲಿ ಅಂತ ಬಿಡ್ರಿ, ಹಾಗಂತ ಫೋನಿನಲ್ಲೇ ಹೇಳ್ರಿ.

ಮೊದಲ ಸಲಕ್ಕೆ ಆಕೆ ಫೋನ್ ಇಟ್ಟುಬಿಡಬಹುದು. ಹದಿನೈದು ದಿನ ಬಿಟ್ಟು ಮತ್ತೆ ಮಾಡ್ರಿ, ಅದೇ ಮಾತು ಹೇಳ್ರಿ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ವಾಸ್ಕೋಗೆ ನೇರ ರೈಲಿದೆ, ಶ್ರಾವಣದಲ್ಲಿ ದೂಧಸಾಗರದ ಹತ್ರ ಮಳೆ ಜೋರು, ಘಾಟಿನಲ್ಲಿ ಗಾಡಿ ತಡ ಆಗಬಹುದು, ಅದಕ್ಕೆ ಹಬ್ಬದ ಎರಡು ದಿನ ಮೊದಲಿನ ಟಿಕೆಟ್ ನೀವೇ ತೆಗೆಸಿ ಕಳಿಸ್ರಿ, ಹೋಗೋದು ಬರೋದು ಎರಡೂ. ಸ್ಟೇಷನ್ನಿಗೆ ಗಂಡನ್ನ ಕಳಿಸಬೇಡ್ರಿ, ನೀವೇ ಹೋಗ್ರಿ.